ಅತ್ತೆಯವರಿಗೆ ನಾನು ತೋರಿಸಿದ ಕಲ್ಯಾಣ

ತವರಿನ ವಿಷಯದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಹೆಂಗಸನ್ನು ನಾನು ಇನ್ನೂ ನೋಡಿಲ್ಲ. ಎಲ್ಲಾದರೂ ಒಬ್ಬಳು ಸಿಕ್ಕರೂ ಅವಳ ಗೆಳೆತನ ಮಾಡುವ ಧೈರ್ಯ ನನಗೆ ಆಗಲಿಕ್ಕಿಲ್ಲ. ನೀವೇ ವಿಚಾರ ಮಾಡಿ: ಮದುವೆಯಾಗಿ ಬಂದ ಮನೆಯಲ್ಲಿ ನಮ್ಮದು ಅಂತ ಇರುವುದಾದರೂ ಏನು? ಒಲೆ ಅತ್ತೆಯದು, ಹಂಡೆ ಅತ್ತೆಯದು, ಗಂಡ ಅನ್ನಿಸಿಕೊಂಡವನೂ ಬಹುಮಟ್ಟಿಗೆ ಅತ್ತೆಯವನೇ. ಯಾರೂ ಎದ್ದು ಹೋಗಿ ಮುಟ್ಟಿ ನೋಡಲಾರದಷ್ಟು ದೂರದಲ್ಲಿರುವ ತವರೊಂದೇ ನಮ್ಮ ಪಾಲಿನದು. ಅದನ್ನು ದಿನಾ ಒಂದಿಷ್ಟು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಯುವಂತೆ ಇಟ್ಟುಕೊಂಡರೆ ಯಾರ ಗಂಟು ಹೋಗುತ್ತದೆ? ನಾನು ಹಾಗೆ ತಿಕ್ಕುತ್ತ ಬಂದವಳು. ಆದರೆ ಒಂದು ಮಾತು ನನಗೆ ಹೊಳೆದಿರಲಿಲ್ಲ. ದೂರದ ತವರಿಗೂ ದಾರಿ ಇರುತ್ತದೆ, ಆ ದಾರಿಯಲ್ಲಿ ಅತ್ತೆಯೂ ನಡೆದು ಬರಬಹುದು.

ನಮ್ಮದು ಕಲ್ಯಾಣ. ಸರಕಾರಿ ಕಾಗದಗಳಲ್ಲಿ ಕಲ್ಯಾಣಿ ಎಂದು ಬರೆಯುತ್ತಿದ್ದರು. ನಾವು ಮಾತ್ರ ಕಲ್ಯಾಣ ಎನ್ನುತ್ತಿದ್ದೆವು, ಅದೂ ಕೊಂಚ ಎದೆ ಸೆಟೆಸಿ. ಧಾರವಾಡಕ್ಕೆ ಸೊಸೆಯಾಗಿ ಬಂದ ಮೊದಲ ವಾರವೇ ನಾನು ಆ ಊರಿನವರಿಗೆ ಅವರ ಯೋಗ್ಯತೆ ತಿಳಿಸಿಬಿಟ್ಟಿದ್ದೆ. ನಮ್ಮೂರು ಚಕ್ರವರ್ತಿಗಳ ರಾಜಧಾನಿಯಾಗಿದ್ದಾಗ ನಿಮ್ಮ ಧಾರವಾಡದಲ್ಲಿ ಇನ್ನೂ ನರಿ ಕೂಗುತ್ತಿದ್ದವು ಎಂದೆ. ನಮ್ಮೂರಿನದು ಶರಣರು ನಡೆದಾಡಿದ ನೆಲ, ಅಲ್ಲಿ ಚಪ್ಪಲಿ ಮೆಟ್ಟಲಿಕ್ಕೂ ಮನಸ್ಸು ಹಿಂಜರಿಯುತ್ತದೆ ಎಂದೆ. ಧಾರವಾಡದಲ್ಲಿ ಮಳೆ ಹಿಡಿದರೆ "ನಮ್ಮ ಕಲ್ಯಾಣದ ಮಳೆಯ ಮುಂದೆ ಇದು ಯಾವ ಮಳೆ?" ಎನ್ನುತ್ತಿದ್ದೆ, ಮಳೆ ಬಿಟ್ಟರೆ "ನಮ್ಮ ಕಲ್ಯಾಣದ ಬಿಸಿಲಿನ ಮುಂದೆ ಇದು ಯಾವ ಬಿಸಿಲು?" ಎನ್ನುತ್ತಿದ್ದೆ. ಅತ್ತೆಯವರು ಮೊರದಲ್ಲಿ ಜೋಳ ಹಸನು ಮಾಡುತ್ತ, ತಲೆ ಎತ್ತದೆ, "ಹೌದೇನವಾ" ಎನ್ನುತ್ತಿದ್ದರು. ಆ "ಹೌದೇನವಾ" ಎಂಬುದರಲ್ಲಿ ನಂಬಿಕೆ ಎಷ್ಟು, ಅಪನಂಬಿಕೆ ಎಷ್ಟು ಎಂದು ಬೇರ್ಪಡಿಸುವ ಮೊರ ಇನ್ನೂ ಯಾರೂ ಹೆಣೆದಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊಳಪು ಕೊಟ್ಟದ್ದು ನಮ್ಮ ಅಜ್ಜನ ವಾಡೆಯ ಪಡಸಾಲೆಗೆ. ತೇಗದ ಕಂಬ, ಗಾಜಿನ ತೂಗುದೀಪ, ಗೋಡೆಯುದ್ದಕ್ಕೂ ಲೋಡು, ನಡುವೆ ಕೆಂಪು ಜಮಖಾನ. ನಾನು ಧಾರವಾಡಕ್ಕೆ ಬಂದ ವರ್ಷ ಆ ಪಡಸಾಲೆಯಲ್ಲಿ ಒಂದು ಮದುವೆ ಮಾಡಬಹುದಿತ್ತು. ಮಗ ಹುಟ್ಟುವ ಹೊತ್ತಿಗೆ ಎರಡು ಮದುವೆ ಒಟ್ಟೊಟ್ಟಿಗೆ ಮಾಡುವಷ್ಟು ದೊಡ್ಡದಾಯಿತು. ಮಗಳು ಹುಟ್ಟಿದ ಮೇಲಂತೂ ವರನ ಕುದುರೆಗೂ ಬಾಜಾ ಭಜಂತ್ರಿಯವರಿಗೂ ಅದರಲ್ಲೇ ಜಾಗ ಮಾಡಿಕೊಟ್ಟೆ. ಎಷ್ಟು ಹಿಗ್ಗಿಸಿದರೂ ಸಿಕ್ಕಿಬೀಳುವ ಭಯ ಇರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಸೊಲ್ಲಾಪುರದ ಸೋದರಮಾವನ ಮನೆ ಸೇರಿದ್ದಳು. ನನ್ನ ಬಾಣಂತನಗಳೂ ಅಲ್ಲೇ ಆದವು. ಹೀಗಾಗಿ ಮದುವೆಯಾದ ಮೇಲೆ ನಾನೇ ಕಲ್ಯಾಣಕ್ಕೆ ಕಾಲಿಟ್ಟಿರಲಿಲ್ಲ. ಊರನ್ನು ನೋಡದೆ ಇದ್ದದ್ದೇ ಅದರ ಬಗ್ಗೆ ಇಷ್ಟು ಸಲೀಸಾಗಿ ಮಾತಾಡಲು ಅನುಕೂಲವಾಗಿತ್ತೆಂದು ಈಗ ಅನ್ನಿಸುತ್ತದೆ.

ದೊಡ್ಡ ಯುದ್ಧ ನಡೆದಿದ್ದ ಕಾಲ. ಹುಮನಾಬಾದಿನ ವ್ಯಾಪಾರಿಯೊಬ್ಬರು ಹುಬ್ಬಳ್ಳಿಯ ಅರಳೆ ಪೇಟೆಗೆ ಬಂದವರು ಧಾರವಾಡಕ್ಕೂ ಬಂದು ನಮ್ಮ ಮನೆ ಹುಡುಕಿಕೊಂಡು ಬಂದರು. ನಮ್ಮ ದೊಡ್ಡಪ್ಪ ವೀರಭದ್ರಪ್ಪ ಅವರ ಕೈಯಲ್ಲಿ ಹೇಳಿ ಕಳಿಸಿದ್ದ: "ಮಗಳು ಮನೆ ಕಡೆ ಬಂದು ಭಾಳ ವರ್ಷ ಆದ್ವು. ಒಮ್ಮೆ ಬಂದು ಹೋಗಲಿ. ಉಡಿ ತುಂಬಿ ಕಳಸ್ತೇವಿ." ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಆ ನೀರು ಒರೆಸಿಕೊಳ್ಳುವುದರೊಳಗೆ ಬಾಗಿಲ ಮರೆಯಿಂದ ಅತ್ತೆಯವರ ದನಿ ಬಂತು.

"ನಾನೂ ಬರ್ತೀನಿ, ಪಾರ್ವತಿ. ಕಣ್ಣು ಮುಚ್ಚೋದರಾಗ ನಿನ್ನ ಪಡಸಾಲಿ ಒಮ್ಮೆ ನೋಡಬೇಕು."

"ದಾರಿ ಭಾಳ ದೂರ ಆಗತದರಿ ಅತ್ತಿ. ನಿಮಗ ಮೊಣಕಾಲ ಬ್ಯಾನಿ..." ಎಂದೆ.

"ರೈಲು ನಡೀತದೋ, ನನ್ನ ಮೊಣಕಾಲು ನಡೀತದೋ?" ಎಂದರು.

ಇನ್ನು ಉಳಿದದ್ದು ಒಂದೇ ಉಪಾಯ. ಹೊರಟು ನಿಂತ ವ್ಯಾಪಾರಿಯವರನ್ನು ಹಿತ್ತಲ ಕಡೆಯಿಂದ ಓಡಿ ಹೋಗಿ ತಡೆದು, "ದೊಡ್ಡಪ್ಪಗ ಇಷ್ಟು ಹೇಳ್ರಿ: ಬೀಗತಿ ಬರಾಕತ್ತಾರ, ಪಡಸಾಲಿ ಅಜ್ಜನ ಕಾಲದಾಗ ಹ್ಯಾಂಗ ಇತ್ತೋ ಹಂಗ ಕಾಣಬೇಕು, ನನ್ನ ಇಜ್ಜತಿನ ಪ್ರಶ್ನೆ" ಎಂದೆ. ಅವರು "ಆಗ್ಲಿ ತಂಗಿ" ಎಂದು ಹೋದರು. ಆ ಮಾತು ನೆಟ್ಟಗೆ ಮುಟ್ಟಿತು. ಮುಟ್ಟದೆ ಹೋಗಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು.

ಮಕ್ಕಳನ್ನು ದಾರಿಯಲ್ಲಿ ಸೊಲ್ಲಾಪುರದಲ್ಲಿ ಅವ್ವನ ಹತ್ತಿರ ಬಿಟ್ಟೆವು. ಗುಲ್ಬರ್ಗದವರೆಗೆ ನಮ್ಮ ಯಜಮಾನರು ಬಂದರು. ಸ್ಟೇಷನ್ನಿನಲ್ಲಿ ಇಳಿದ ಕೂಡಲೇ, ನಿಜಾಮರ ಸೀಮೆಗೆ ಬರುವ ಸಾಮಾನು ತಪಾಸಣೆ ಮಾಡುವ ನಾಕೆಯವನು ಅತ್ತೆಯವರ ಗಂಟಿನ ಮೇಲೆ ಕೈಯಿಟ್ಟು "ಇಸ್ಮೆ ಕ್ಯಾ ಹೈ?" ಎಂದ. ಅತ್ತೆಯವರಿಗೆ ಉರ್ದು ಬಾರದು. ಆದರೆ ಗಂಟಿನ ಮೇಲೆ ಕೈಯಿಟ್ಟವನು ಕೇಳುವುದು ಇನ್ನೇನನ್ನು? ಗಂಟು ಬಿಚ್ಚಿ ಒಂದು ಧಾರವಾಡ ಫೇಡೆ ಅವನ ಕೈಗೆ ಹಾಕಿ, "ತಿನ್ನಪಾ, ಮುಂಜಾನಿಂದ ನಿಂತೀದಿ" ಎಂದರು. ಅವನು ಮುಂದಿನ ಗಂಟು ನೋಡಲೇ ಇಲ್ಲ. ಕಚೇರಿಯಲ್ಲಿ ರಜೆ ಇಲ್ಲದ ಯಜಮಾನರು ನಮ್ಮನ್ನು ಹುಮನಾಬಾದಿನ ಮೋಟಾರಿನಲ್ಲಿ ಕೂಡಿಸಿ ಹಿಂದಿರುಗಿದರು. ಅಲ್ಲಿಂದ ಮುಂದೆ ದೊಡ್ಡಪ್ಪನ ಆಳು ಬಸಣ್ಣ ಚಕ್ಕಡಿ ಹೂಡಿಕೊಂಡು ಕಾಯುವುದೆಂದು ಮಾತಾಗಿತ್ತು.

ಪೆಟ್ರೋಲು ಸಿಗದ ದಿನಗಳಾದ್ದರಿಂದ ಮೋಟಾರಿನ ಬೆನ್ನಿಗೆ ಇದ್ದಲಿನ ಒಲೆ ಕಟ್ಟಿದ್ದರು. ಅದರ ಹೊಗೆಯಿಂದಲೇ ಗಾಡಿ ಓಡಬೇಕು. ಒಲೆ ಎಂದ ಮೇಲೆ ಅತ್ತೆಯವರು ಸುಮ್ಮನೆ ಕೂಡುವ ಜೀವವಲ್ಲ. ಕಮಲಾಪುರದ ಏರಿನಲ್ಲಿ ಗಾಡಿ ನಿಂತಾಗ ತಲೆ ಹೊರಗೆ ಹಾಕಿ, "ಬೂದಿ ತಗೀಪಾ ಮದ್ಲ, ಒಲಿ ಉಸಿರುಗಟ್ಟೇತಿ" ಎಂದು ಡ್ರೈವರನಿಗೆ ಹೇಳಿದರು. ಅವನು "ನೀವು ಒಳಗ ಕುಂದರ್ರಿ ಅಮ್ಮಾ" ಎಂದು ಗೊಣಗಿ, ಎಲ್ಲರನ್ನೂ ಇಳಿಸಿ ನೂಕಿಸಿ, ಹ್ಯಾಂಡಲು ತಿರುಗಿಸಿ ಸುಸ್ತಾಗಿ, ಕೊನೆಗೆ ಬೂದಿ ತೆಗೆದ. ಗಾಡಿ ಹೊರಟಿತು. ಹುಮನಾಬಾದು ಬರುವವರೆಗೆ ಅವನು ಪ್ರತಿ ಏರಿನಲ್ಲೂ ಹಿಂದಿರುಗಿ ಅತ್ತೆಯವರ ಮುಖ ನೋಡುತ್ತಿದ್ದ.

ಹುಮನಾಬಾದಿನಲ್ಲಿ ನನ್ನ ಹೊಳಪು ಮೊದಲ ಸಲ ಕಿತ್ತು ಬಂತು. "ನಮ್ಮ ಕಡೆ ಚಹಾ ಅಂಬೋ ಚಟ ಇಲ್ಲರಿ. ಬಾಗಿಲಿಗೆ ಬಂದವರಿಗೆ ಮಜ್ಜಿಗಿ" ಎಂದು ನಾನು ಎಷ್ಟೋ ವರ್ಷ ಹೇಳುತ್ತ ಬಂದಿದ್ದೆ. ಮೋಟಾರು ನಿಂತಲ್ಲಿ ಕಣ್ಣು ಹಾಯಿಸಿದರೆ ಒಂದರ ಮಗ್ಗುಲಿಗೆ ಒಂದು ಚಹಾದ ಹೋಟೆಲು. ಇಡೀ ಊರೇ ಬಸಿಯಲ್ಲಿ ಚಹಾ ಸುರುವಿಕೊಂಡು ಸೊರ್ ಎಂದು ಹೀರುತ್ತ ಕುಳಿತಂತಿತ್ತು. ಅತ್ತೆಯವರು ಏನೂ ಅನ್ನಲಿಲ್ಲ. ಬಸಣ್ಣ ತಂದುಕೊಟ್ಟ ಚಹಾ ಕುಡಿದು, ಇನ್ನೊಂದು ತರಿಸಿ ಅದನ್ನೂ ಕುಡಿದು, ಬಾಯಿ ಒರೆಸಿಕೊಂಡು, "ನಿಮ್ಮ ಕಡೆ ಮಜ್ಜಿಗಿ ಛಲೋ ಅದ ಬಿಡವಾ" ಎಂದರು.

ಅದೂ ಸಾಲದೆಂಬಂತೆ ಹೋಟೆಲಿನ ಮುಂದೆ ಕುಳಿತಿದ್ದ ಮುದುಕನೊಬ್ಬ ನನ್ನನ್ನು "ಯಾ ಊರ್ರಿ ತಾಯಿ?" ಎಂದು ಕೇಳಿದ. ಬೇಕಾದದ್ದೂ ಅದೇ. ಎದೆ ಸೆಟೆಸಿ "ಕಲ್ಯಾಣ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲಿಗಿ ಹೊಂಟೀರಿ, ಅದು ತಿಳೀತು. ನಿಮ್ಮ ಊರ ಯಾವುದ್ರಿ?" ಎಂದ. ಧಾರವಾಡದಲ್ಲಿ ನಾನು ಬಾಯಿ ಬಿಟ್ಟರೆ "ಮೊಗಲಾಯಿ ಕಡೆಯವಳು" ಎಂದು ನಿಜಾಮರ ಸೀಮೆಯ ಹೆಸರೆತ್ತಿ ನಗುತ್ತಾರೆ. ಇಲ್ಲಿ ಬಾಯಿ ಬಿಟ್ಟರೆ ಧಾರವಾಡದವಳು! ಎರಡು ಊರಿನ ನಡುವೆ ನನ್ನ ನಾಲಿಗೆ ಎಲ್ಲಿ ಇಳಿದುಕೊಂಡಿತೋ ಗೊತ್ತಾಗಲಿಲ್ಲ.

ರಾಜೇಶ್ವರದ ಹತ್ತಿರ ಮುಳ್ಳುಕಂಟಿಯ ಕಾಡು, ಹಗಲಲ್ಲೇ ತೋಳ ಅಡ್ಡ ಬರುತ್ತವೆ ಎಂದು ಹೇಳಿದ್ದೆ. ಅಲ್ಲಿ ಅಂಗಡಿಗಳ ಸಾಲು ಎದ್ದಿತ್ತು. ದರ್ಜಿಯೊಬ್ಬ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕಟಕಟ ತುಳಿಯುತ್ತಿದ್ದ. "ಇವನೇನು ನಿನ್ನ ತೋಳ?" ಎಂದರು ಅತ್ತೆಯವರು. ಕಲ್ಯಾಣ ಹತ್ತಿರವಾದಾಗ ಕೋಟೆ ಕಂಡಿತು. ಅದೊಂದು ನನ್ನ ಮಾನ ಕಾಪಾಡಿತು. ಕರಿಕಲ್ಲಿನ ಗೋಡೆ ಸಂಜೆಯ ಬಿಸಿಲಿಗೆ ನಿಂತ ಠೀವಿ ನೋಡಿ ಅತ್ತೆಯವರು ಚಕ್ಕಡಿಯಲ್ಲೇ ಸೆರಗು ಸರಿಮಾಡಿಕೊಂಡು, "ಇದು ಖರೇ ಅದ" ಎಂದರು. ಎಷ್ಟೋ ವರ್ಷಗಳ ನಂತರ ನನಗೆ ಸಿಕ್ಕ ಮೊದಲ ಶಾಭಾಸು ಅದು. ಆದರೆ ಊರೊಳಗೆ ಬಂದ ಮೇಲೆ ಮತ್ತೆ ಇಳಿಜಾರೇ. ನಮ್ಮ ಓಣಿಯ ಬಾಯಿಯಲ್ಲಿದ್ದ ಬೇವಿನ ಮರ ಇರಲಿಲ್ಲ. ಅಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿ ಬಂದಿತ್ತು. ಎರಡು ಚಕ್ಕಡಿ ಎದುರುಬದುರಾಗಿ ಹೋಗುತ್ತಿದ್ದವೆಂದು ನಾನು ಆಣೆ ಮಾಡಿದ್ದ ಓಣಿಯಲ್ಲಿ ನಮ್ಮ ಒಂದೇ ಚಕ್ಕಡಿ ಎರಡೂ ಕಡೆಯ ಕಟ್ಟೆ ಉಜ್ಜುತ್ತ ಸಾಗಿತು. ಕಟ್ಟೆಯ ಮೇಲೆ ಕುಳಿತವರು ಕಾಲು ಮೇಲೆತ್ತಿಕೊಂಡು ನಮಗೆ ದಾರಿ ಕೊಟ್ಟರು. ನಾನು ನಗುತ್ತ ನಮಸ್ಕಾರ ಮಾಡಿದೆ. ನನ್ನನ್ನು ಗುರುತಿಸದ ಅವರೂ ಮರ್ಯಾದೆಗೆ ನಮಸ್ಕಾರ ಮಾಡಿದರು.

ಇನ್ನು ಪಡಸಾಲೆ ಏನಾಗಿದೆಯೋ ಎಂದುಕೊಳ್ಳುತ್ತ ಹೊಸ್ತಿಲು ದಾಟಿದೆ. ದಾಟಿದವಳು ಅಲ್ಲೇ ನಿಂತೆ. ತೇಗದ ಕಂಬಗಳಿಗೆ ಎಣ್ಣೆ ಹಚ್ಚಿ ಉಜ್ಜಿದ್ದರು. ತೂಗುದೀಪಗಳು ಗಾಜು ತೊಳೆಸಿಕೊಂಡು ನೇತಾಡುತ್ತಿದ್ದವು. ಕೆಂಪು ಜಮಖಾನ, ಬಿಳಿ ಗವಸಿನ ಲೋಡುಗಳು, ನಡುವೆ ರುಮಾಲು ಸುತ್ತಿ ಮೀಸೆ ತಿರುವಿಕೊಂಡು ನಿಂತ ನಮ್ಮ ದೊಡ್ಡಪ್ಪ! "ಬರ್ರಿ ಬೀಗತಿಯವರ, ಬರ್ರಿ. ಪಾರೂ, ಸೊರಗೀದಿ ಮಗಳ" ಎಂದ. ಕುದುರೆ ಮೆರವಣಿಗೆಗೆ ಜಾಗ ಇರಲಿಲ್ಲ, ಒಪ್ಪುತ್ತೇನೆ. ಆದರೆ ಒಂದು ಮದುವೆಗೆ ಏನೂ ಕೊರತೆ ಇರಲಿಲ್ಲ. ಅತ್ತೆಯವರು ಸುತ್ತ ಕಣ್ಣಾಡಿಸಿ, ಕಂಬವೊಂದನ್ನು ಕೈಯಿಂದ ಸವರಿ, "ನೀ ಅಷ್ಟೇನ ಸುಳ್ಳು ಹೇಳಿಲ್ಲ" ಎಂದರು. ಆ ಸಂಜೆ ನನ್ನ ಕಾಲು ನೆಲದ ಮೇಲಿರಲಿಲ್ಲ. ದೊಡ್ಡಪ್ಪ ಅತ್ತೆಯವರನ್ನು ಲೋಡಿಗೆ ಒರಗಿಸಿ ಕೂಡಿಸಿದ. ಅವರು ಲೋಡಿಗೆ ಒರಗಿ ರೂಢಿಯಿಲ್ಲದೆ, ಪರರ ಮನೆಯ ತೊಟ್ಟಿಲಲ್ಲಿ ಮಲಗಿಸಿದ ಕೂಸಿನ ಹಾಗೆ ಕಣ್ಣು ಪಿಳಿಪಿಳಿ ಬಿಡುತ್ತ ಕುಳಿತರು.

ಕಾಲು ನೆಲಕ್ಕೆ ಬಂದದ್ದು ಅಡಿಗೆಮನೆಯಲ್ಲಿ. ಅಲ್ಲಿ ನಮ್ಮ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ದೊಡ್ಡಪ್ಪನ ತಮ್ಮನ ಹೆಂಡತಿ, ಹೆಸರು ಭಾಗೀರಥಿ. ಕಾಕಾ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದವಳಾದ್ದರಿಂದ ಅಲ್ಲಿಯ ಕನ್ನಡ ಶಾಲೆಯಲ್ಲಿ ಓದು ಬರಹ ಕಲಿತು ಬಂದಿದ್ದಳು. ನಾನು ಚಿಕ್ಕವಳಿದ್ದಾಗ ಹಿಟ್ಟಿನ ಪರಾತದಲ್ಲಿ ಬೆರಳಾಡಿಸಿ ನನಗೆ ಅಕ್ಷರ ತೋರಿಸಿದವಳು ಅವಳೇ. ಕಟ್ಟಿಕೊಂಡು ಅತ್ತೆವು, ನಕ್ಕೆವು. ಕೂಡಲು ಜಾಗ ನೋಡಿದರೆ ಮೂಲೆಯಲ್ಲಿ ಬರೆಯುವ ಪಾಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು, ಮಗ್ಗುಲಿಗೆ ಚಾಪೆಗಳ ಸುರುಳಿ. "ಇವೇನು ಚಿಗವ್ವಾ, ಯಾರ ಪಾಟಿ?" ಎಂದೆ.

"ಹುಡುಗ್ಯಾರವು," ಎಂದಳು ರೊಟ್ಟಿ ತಿರುವಿ ಹಾಕುತ್ತ. "ಪಡಸಾಲ್ಯಾಗ ಸಾಲಿ ನಡಸ್ತಿದ್ದೆ, ಪಾರು. ಅಜ್ಜ ಹೋದಮ್ಯಾಲ ಅಲ್ಲಿ ಜೋಳದ ಚೀಲ ಒಟ್ಟಿದ್ರು. ಚೀಲ ಸರಿಸಿ ಮದ್ಲ ಮನ್ಯಾಗಿನ ಹುಡುಗ್ಯಾರಿಗಿ ಕಲಿಸಿದೆ. ಆಮ್ಯಾಲ ಓಣ್ಯಾನವ್ರು ಬಂದ್ರು. ಆಜೂಬಾಜೂ ಓಣ್ಯಾನವ್ರೂ ಬಂದ್ರು. ಊರಾಗಿನ ಸಾಲಿ ಗಂಡುಹುಡುಗುರ್ದು, ಉರ್ದೂದಾಗ. ಇವ್ರು ಎಲ್ಲಿಗಿ ಹೋಗಬೇಕು?"

"ಈಗ ಯಾಕ ನಡೀವಲ್ದು?"

ಚಿಗವ್ವ ನನ್ನನ್ನು ನೋಡಲಿಲ್ಲ. "ಬೀಗತಿ ಬರ್ತಾರಂತ ತೆಗೆದಿಟ್ಟೀವಿ. ಪಡಸಾಲಿ ಅಜ್ಜನ ಕಾಲದಂಗ ಇರಬೇಕಂತ ನೀನೇ ಹೇಳಿ ಕಳಿಸಿದ್ಯಂತಲ್ಲ. ಇರ್ಲಿ ಬಿಡು, ನೀವು ಹೋದಮ್ಯಾಲ ಮತ್ತ ಶುರು ಮಾಡ್ತೀನಿ."

ನಾನು ಸಮಾಧಾನ ಮಾಡಿಕೊಂಡೆ. ನಾಲ್ಕು ದಿನದ ಮಾತು. ಹುಡುಗಿಯರಿಗೂ ರಜೆ ಸಿಕ್ಕ ಹಾಗಾಯಿತು ಎಂದುಕೊಂಡೆ. ಮನುಷ್ಯನಿಗೆ ತನ್ನ ಅನುಕೂಲಕ್ಕೆ ತಕ್ಕ ಸಮಾಧಾನ ಎಷ್ಟು ಬೇಗ ಸಿಗುತ್ತದೆ ನೋಡಿ.

ಮಾರನೆಯ ದಿನ ಬೀಗತಿಯವರನ್ನು ಮಾತಾಡಿಸಲು ಎದುರುಮನೆಯ ಮನ್ಮಥಪ್ಪ ಮಾವ ಬಂದರು. ಓಣಿಯ ಹಿರಿಯರು, ಯಾರ ಮನೆಯಲ್ಲಿ ಏನು ನಡೆದರೂ ತಮ್ಮ ಒಪ್ಪಿಗೆ ಕೇಳಲಿಲ್ಲವೆಂದು ನೊಂದುಕೊಳ್ಳುವ ಸ್ವಭಾವ. ಜಮಖಾನದ ಮೇಲೆ ಕುಳಿತು ಕಂಬ ನೋಡಿದರು, ದೀಪ ನೋಡಿದರು. "ವೀರಭದ್ರಪ್ಪ, ಪಡಸಾಲಿ ಈಗ ಪಡಸಾಲಿ ಹಂಗ ಕಾಣಸ್ತದ ನೋಡು. ಹುಡುಗ್ಯಾರ ಗದ್ದಲದಾಗ ಇದರ ಶಾನ್ ಎಲ್ಲಾ ಹೋಗಿತ್ತು. ಇನ್ನ ಹಿಂಗೇ ಇರ್ಲಿ. ಆ ಸಾಲಿ ನಕೋ" ಎಂದರು. ದೊಡ್ಡಪ್ಪ ಮೀಸೆ ಸವರಿಕೊಂಡ. ಅವನು ಆ ಶಾಲೆಯನ್ನು ಬೇಡ ಅಂದವನೂ ಅಲ್ಲ, ಬೇಕು ಅಂದವನೂ ಅಲ್ಲ. ಸತ್ತ ತಮ್ಮನ ಹೆಂಡತಿ ಏನೋ ಮಾಡಿಕೊಂಡಿದ್ದಾಳೆ ಎಂದು ಬಿಟ್ಟಿದ್ದವನು. ಹೊಗಳಿಕೆ ಎಂದರೆ ಮಾತ್ರ ಅವನಿಗೆ ಬಿಸಿ ಹೋಳಿಗೆಯ ಮೇಲಿನ ತುಪ್ಪ. "ಹೌದು ಅನ್ನು. ಮಂದಿ ಬಂದು ಹೋಗೋ ಜಾಗ. ಇನ್ನ ಸಾಲಿ ಬಂದ್ ಮಾಡಿದ್ರಾಯ್ತು" ಎಂದುಬಿಟ್ಟ.

ಒಳಗೆ ಬಾಗಿಲ ಹಿಂದೆ ಚಿಗವ್ವ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದಳು. ತಂಬಿಗೆ ನನ್ನ ಕೈಗೆ ಕೊಟ್ಟು ಅಡಿಗೆಮನೆಗೆ ಹೋದಳು. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಇಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಅದೂ ಬೇರೆಯವರ ಬಾಯಿಂದ. ನನ್ನನ್ನು ಒಂದು ಮಾತೂ ಅನ್ನಲಿಲ್ಲ ಚಿಗವ್ವ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

ಮರುದಿನ ಮುಂಜಾನೆ ಅತ್ತೆಯವರು ತಲೆಬಾಗಿಲ ಕಟ್ಟೆಯ ಮೇಲೆ ಕುಳಿತು ವಿಭೂತಿ ಹಚ್ಚಿಕೊಳ್ಳುತ್ತಿದ್ದಾಗ ಒಂದು ಹಿಂಡು ಹುಡುಗಿಯರು ಓಣಿಯಲ್ಲಿ ಬಂದು ನಿಂತರು. ಎಣ್ಣೆ ಹಚ್ಚಿ ಬಿಗಿದು ಹೆಣೆದ ಜಡೆಗಳು. ಮುಂದೆ ನಿಂತವಳು ಬಗ್ಗಿ ಒಳಗೆ ಇಣುಕಿ ಚಿಗವ್ವನಿಗೆ, "ಬಾಯಾರ, ಇವತ್ತರ ಸಾಲಿ ಅದರಿ?" ಎಂದಳು. ಹಾಸಿದ ಜಮಖಾನ ಕಂಡು ತಾವೇ ಹೊರಳಿ ಹೋದರು. ಅತ್ತೆಯವರು ನನ್ನ ಮುಖ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು ಎಲ್ಲ ಹೇಳಿದೆ. ನಾನು ಹೇಳಿ ಕಳಿಸಿದ್ದು, ದೊಡ್ಡಪ್ಪ ಚಾಪೆ ತೆಗೆಸಿದ್ದು, ಮನ್ಮಥಪ್ಪ ಮಾವ ಹೊಗಳಿದ್ದು. ಹೇಳುತ್ತ ಹೋದಂತೆ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಯಿತು.

ಅತ್ತೆಯವರು ವಿಭೂತಿಯ ಗಟ್ಟಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ಅಲ್ಲವಾ," ಎಂದರು, "ಎರಡು ದಿನದಿಂದ ಆ ಲೋಡಿಗೆ ಒರಗಿ ಕುಂತು ನನಗ ಬೆನ್ನು ಹಿಡದದ. ಒಬ್ಬಾಕಿ ಕುಂತು ಕಂಬ ಎಣಿಸೂದಕ್ಕ ಇಷ್ಟೆಲ್ಲಾ ಮಾಡಿಸೀದ್ಯಾ? ನಮ್ಮ ಕಾಲದಾಗ ಇಂಥಾದ್ದೊಂದು ಸಾಲಿ ನಮ್ಮ ಓಣ್ಯಾಗ ಇದ್ದಿದ್ರ..." ಮಾತು ಅಲ್ಲಿಗೇ ನಿಲ್ಲಿಸಿದರು. ಸೊಸೆಯ ಮುಂದೆ ಇಷ್ಟು ಹೇಳಿದ್ದೇ ಹೆಚ್ಚಾಯಿತು ಎನ್ನುವಂತೆ ಹಣೆಗೆ ವಿಭೂತಿ ಎಳೆದುಕೊಂಡರು. ಆಮೇಲೆ "ಹೋಗು, ಎದ್ದು ಮಾತಾಡು. ನಿಮ್ಮ ಚಿಗವ್ವಗ ಅದು ಬರಂಗಿಲ್ಲ, ನಿನಗ ಬಾಯಿ ಅದ. ಅದು ನನಗಿಂತ ಚೆಂದ ಯಾರಿಗಿ ಗೊತ್ತದ?" ಎಂದರು.

ದೊಡ್ಡಪ್ಪ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದ. ಮನ್ಮಥಪ್ಪ ಮಾವನೂ, ಇನ್ನಿಬ್ಬರು ಹಿರಿಯರೂ ಆಗಲೇ ಬಂದು ಲೋಡು ಹಿಡಿದಿದ್ದರು. ಹುಟ್ಟಿದ ಮನೆಯೇ ಆದರೂ ಆ ಪಡಸಾಲೆಯಲ್ಲಿ ಗಂಡಸರು ಕುಳಿತಿದ್ದಾಗ ನಾನು ಎಂದೂ ಕಾಲಿಟ್ಟವಳಲ್ಲ. ಕಂಬ ಹಿಡಿದು ನಿಂತೆ.

"ದೊಡ್ಡಪ್ಪಾ, ಸಾಲಿ ಬಂದ್ ಮಾಡಬ್ಯಾಡ್ರಿ."

ನಾಲ್ಕು ರುಮಾಲುಗಳೂ ಒಮ್ಮೆಗೇ ನನ್ನ ಕಡೆ ತಿರುಗಿದವು. ಮನ್ಮಥಪ್ಪ ಮಾವ ನಕ್ಕರು. "ಹೆಣ್ಮಕ್ಕಳು ಅಕ್ಷರ ಕಲ್ತು ಯಾ ಕಚೇರಿಗಿ ಹೋಗಬೇಕಾಗ್ಯದ ತಂಗಿ?"

ಬಾಯಿಗೆ ಬಂದದ್ದು ಇದು: "ಮಾವಾ, ಇದೇ ಊರಾಗ ಹಿಂದಕ ಹೆಣ್ಮಕ್ಕಳು ಶರಣರ ನಡುವ ಕುಂತು ಮಾತಾಡ್ಯಾರ, ವಾದ ಮಾಡ್ಯಾರ. ಅವರ ಮಾತು ನೀವು ದಿನಾ ಪೂಜಿದಾಗ ಅಂತೀರಿ. ಅವ್ರು ಯಾ ಕಚೇರಿಗಿ ಹೋಗಿದ್ರು? ಅಂಥಾ ಕಲ್ಯಾಣದಾಗ ಹುಡುಗ್ಯಾರು ಪಾಟಿ ಹಿಡಕೊಂಡು ಬಾಗಿಲದಿಂದ ಹೊಳ್ಳಿ ಹೋಗ್ಯಾರ್ರಿ ಇವತ್ತು."

ದೊಡ್ಡಪ್ಪನ ಮುಖ ಕೆಂಪಾಯಿತು. ಸಿಟ್ಟಿಗಿಂತ ನೋವು ಹೆಚ್ಚಿತ್ತು. "ಪಾರೂ, ನಿನ್ನ ಇಜ್ಜತಿನ ಸಲುವಾಗಿನೇ ನಾ ಇದೆಲ್ಲಾ ತೆಗಸಿದ್ದು. ಇಡೀ ವಾರ ಆಳು ಹಚ್ಚಿ ಕಂಬ ಉಜ್ಜಿಸೇನಿ" ಎಂದ. ಆ ಮಾತಿಗೆ ನನಗೆ ಅಳು ಬಂತು. ಅತ್ತರೆ ಕೆಲಸ ಕೆಡುತ್ತದೆ ಎಂದೂ ಗೊತ್ತಾಯಿತು. ಆಗ ನನ್ನೊಳಗೆ ಇಷ್ಟು ವರ್ಷ ಬರೀ ಮೋಜಿಗೆ ಓಡಾಡಿಕೊಂಡಿದ್ದ ವಿದ್ಯೆ ತಾನಾಗಿ ಎದ್ದು ನಿಂತಿತು.

"ನನ್ನ ಇಜ್ಜತ್ ಸಾಲಿದಾಗೇ ಅದ ದೊಡ್ಡಪ್ಪಾ. ನೀವು ಬಂದ್ ಮಾಡಿದ್ರ ನಾ ಧಾರವಾಡಕ್ಕ ಯಾ ಮಾರಿ ಹೊತ್ತು ಹೋಗ್ಲಿ? ಅಲ್ಲಿ ಎಲ್ಲಾರಿಗೂ ಗೊತ್ತದ."

"ಏನ್ ಗೊತ್ತದ?"

"ಕಲ್ಯಾಣದಾಗ ವೀರಭದ್ರಪ್ಪನೋರಂತ ಒಬ್ಬರು ಇದ್ದಾರ, ತಮ್ಮ ಅಪ್ಪನ ಪಡಸಾಲಿನೇ ಹುಡುಗ್ಯಾರ ಸಾಲಿಗಿ ಬಿಟ್ಟುಕೊಟ್ಟಾರ ಅಂತ. ವಕೀಲರು ಮಾತಾಡ್ತಾರ. ಮಾಸ್ತರರು ಮಾತಾಡ್ತಾರ. ಅಂಥಾ ದೊಡ್ಡ ಮನಸು ನಮ್ಮ ಕಡೆ ಯಾರಿಗೂ ಇಲ್ಲಂತಾರ."

ಇದರಲ್ಲಿ ಒಂದಕ್ಷರ ನಿಜವಿರಲಿಲ್ಲ. ಶಾಲೆ ಇರುವುದು ನನಗೇ ಗೊತ್ತಾಗಿ ಎರಡು ದಿನವಾಗಿತ್ತು. ಹೇಳಿ ಮುಗಿಸಿ ಹಿಂದಿರುಗಿದರೆ ಬಾಗಿಲಲ್ಲಿ ಅತ್ತೆಯವರು! ನನ್ನ ಎಲ್ಲ ಬಡಾಯಿಯ ಗುಟ್ಟು ಬಲ್ಲ ಒಬ್ಬರೇ ಸಾಕ್ಷಿ. ಈಗ "ಹೌದೇನವಾ" ಎಂದರೆ ಮುಗಿಯಿತು ಎಂದುಕೊಂಡೆ. ಅತ್ತೆಯವರು ಸೆರಗು ಹೊದ್ದುಕೊಂಡು ಒಂದು ಹೆಜ್ಜೆ ಮುಂದೆ ಬಂದು, "ಹೌದ್ರಿ ಬೀಗರ. ಆ ಸಾಲಿ ನೋಡೂಣಂತನ ನಾ ಮೊಣಕಾಲು ಎಳಕೊಂತ ಇಲ್ಲೀತನಕಾ ಬಂದೀನಿ. ಕಂಬ ಏನು, ಧಾರವಾಡದಾಗೂ ಅದಾವ" ಎಂದರು.

ದೊಡ್ಡಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು. "ವಕೀಲರೂ ಮಾತಾಡ್ತಾರೇನು?" ಎಂದು ಕೇಳಿದ.

"ಅವರೇ ಭಾಳ ಮಾತಾಡೂದು" ಎಂದರು ಅತ್ತೆಯವರು.

ಮನ್ಮಥಪ್ಪ ಮಾವ ಗಂಟಲು ಸರಿಮಾಡಿಕೊಂಡು, "ಹಂಗಾದ್ರ ನಮ್ಮ ಓಣಿ ಹೆಸರೂ ಬರ್ತದೇನು ಮಾತಿನಾಗ?" ಎಂದರು. "ಓಣಿ ಹಿರಿಯರ ಒಪ್ಪಿಗಿ ಇಲ್ದ ಹ್ಯಾಂಗ ನಡದಿತ್ತು ಅಂತಾರ್ರಿ" ಎಂದೆ. ಒಂದು ಸುಳ್ಳಿಗೆ ನಿಂತ ಮೇಲೆ ಇನ್ನೊಬ್ಬರನ್ನು ಬರಿಗೈಲಿ ಕಳಿಸುವುದು ಸರಿಯಲ್ಲ. ದೊಡ್ಡಪ್ಪ ಒಳಗಿನ ಬಾಗಿಲ ಕಡೆ ತಿರುಗಿ, ಯಾರನ್ನೂ ನೋಡದೆ, ಗಟ್ಟಿಯಾಗಿ, "ಚಾಪಿ ಹಾಸಂತ ಹೇಳ್ರಿ" ಎಂದ. ಭಾವನೊಬ್ಬ ತಮ್ಮನ ಹೆಂಡತಿಗೆ ಕೇಳಿಸಲೆಂದೇ ಹೇಳಿದ ಮಾತು ನಮ್ಮ ಮನೆಯಲ್ಲಿ ಅದೇ ಮೊದಲಿರಬೇಕು. ಒಳಗೆ ಪಾಟಿಗಳು ಗಲಗಲ ಸದ್ದು ಮಾಡಿದವು.

ಆ ದಿನ ಪಡಸಾಲೆ ತುಂಬಿತು. ಜಮಖಾನ ಸುತ್ತಿಟ್ಟು ಚಾಪೆ ಹಾಸಿದರು. ರೈತರ ಮಕ್ಕಳು, ಅಂಗಡಿಯವರ ಮಕ್ಕಳು, ಸೈಕಲ್ ಅಂಗಡಿಯ ಸಾಹೇಬರ ಮಗಳು, ಎಲ್ಲರೂ ಕಂಬಕ್ಕೆ ಒರಗಿ, ಕಂಬದ ಸುತ್ತ, ಕಂಬದ ಮರೆಯಲ್ಲಿ ಕುಳಿತು ಕಾಗುಣಿತ ಕೂಗುತ್ತಿದ್ದರು. ಒಬ್ಬ ಪುಟ್ಟಿ ಎದ್ದು ನಿಂತು, ತನ್ನ ಊರಿನ ಹೆಸರನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಕೈ ಕೊಡವಿ, ಓದಿದಳು: "ಕಲ್ಯಾಣ." ನಾನು ಎಷ್ಟೋ ವರ್ಷ ಎಷ್ಟೋ ಬಗೆಯಲ್ಲಿ ಅಂದಿದ್ದ ಮಾತು. ಆದರೆ ಅವಳು ಅಂದ ಹಾಗೆ ನಾನು ಎಂದೂ ಅಂದಿರಲಿಲ್ಲ. ಅಲ್ಲಿ ನಿಂತು ನನಗಾದ ಹೆಮ್ಮೆ ಎಂಥದೆಂದರೆ, ಅದನ್ನು ಒಂದಕ್ಕೆ ಎರಡು ಮಾಡಿ ಹೇಳುವ ಆಸೆಯೇ ಹುಟ್ಟಲಿಲ್ಲ. ಬೇವಿನ ಮರ ಹೋಗಿತ್ತು, ಮಜ್ಜಿಗೆ ಹೋಗಿತ್ತು, ಓಣಿ ಸಣ್ಣದಾಗಿತ್ತು. ಆದರೆ ನಾನು ಕೇಳಿಯೂ ಇರದ, ಊಹಿಸಿಯೂ ಇರದ ಒಂದು ದೊಡ್ಡದು ನಮ್ಮ ಮನೆಯೊಳಗೇ ಸದ್ದಿಲ್ಲದೆ ಬೆಳೆದಿತ್ತು.

ನಾವು ಹೊರಡುವ ಹೊತ್ತಿಗೆ ದೊಡ್ಡಪ್ಪ ಪೂರ್ತಿ ಬೇರೆ ಮನುಷ್ಯನಾಗಿದ್ದ. ಮುಡಬಿಯಿಂದ ಬಂದ ನೆಂಟರನ್ನು ತಡೆದು ನಿಲ್ಲಿಸಿ, "ನಾನೇ ಶುರು ಮಾಡಿಸೇನಿ. ಧಾರವಾಡದ ವಕೀಲರೆಲ್ಲಾ ಇದರದೇ ಮಾತಾಡ್ತಾರ" ಎನ್ನುತ್ತಿದ್ದ. ನನಗೆ ಚಿಗವ್ವನ ಪರವಾಗಿ ಸಿಟ್ಟು ಬಂತು. ಚಿಗವ್ವ ನಗುತ್ತ, "ಅನ್ನಲಿ ಬಿಡು ಪಾರು. ತನ್ನದಂತ ಅಂದಮ್ಯಾಲ ಬಂದ್ ಮಾಡಂಗಿಲ್ಲ" ಎಂದು ನನ್ನ ಉಡಿಗೆ ಅಕ್ಕಿ ಕೊಬ್ಬರಿ ಹಾಕಿದಳು.

ಇನ್ನೇನು, ಎಲ್ಲ ಸುಖವಾಗಿ ಮುಗಿಯಿತೆಂದು ನೀವು ತಿಳಿದುಕೊಂಡಿದ್ದರೆ, ಸುಖವಾಗಿ ಮುಗಿದದ್ದು ಅವರಿಗೆ, ನನಗಲ್ಲ. ಧಾರವಾಡದ ಮಂದಿಯೆಲ್ಲ ಮಾತಾಡುತ್ತಾರೆಂದು ಹೇಳಿ ಬಂದಿದ್ದೇನಲ್ಲ, ಆ ಮಾತನ್ನು ನಿಜ ಮಾಡುವ ಭಾರ ಅತ್ತೆಯವರು ತಮ್ಮ ಮೇಲೆ ಹೊತ್ತುಕೊಂಡರು. ಬಂದ ಮರುದಿನವೇ ಅವರು ಓಣಿಯ ಹೆಂಗಸರನ್ನೆಲ್ಲ ಕಟ್ಟೆಗೆ ಕರೆದು ಕೂಡಿಸಿಕೊಂಡು ಕಲ್ಯಾಣದ ಶಾಲೆಯ ವರ್ಣನೆಗೆ ಸುರುಮಾಡಿದರು. ನಾನು ಒಳಗೆ ಹಪ್ಪಳದ ಹಿಟ್ಟು ನಾದುತ್ತ, ಬಹಳ ದಿನಗಳ ಮೇಲೆ, ಬಾಯಿ ಮುಚ್ಚಿಕೊಂಡು ಕೇಳಿದೆ. ಒಬ್ಬಾಕೆ, "ಸಣ್ಣ ಹುಡುಗ್ಯಾರಿಗಿ ಇಲ್ಲೂ ಸಾಲಿ ಅದಾವರಿ. ಕಲೀದ ಮುದುಕ್ಯಾರಾದ ನಮ್ಮಂಥವರಿಗಿ ಯಾರು ಕಲಸ್ತಾರ?" ಎಂದಳು. ಕ್ಷಣವೂ ತಡಮಾಡದೆ ಅತ್ತೆಯವರು, "ನಮ್ಮ ಸೊಸಿ ಕಲಸ್ತಾಳ. ಭಾಳ ಶಾಣ್ಯಾಳು, ಅಕ್ಷರ ಎಲ್ಲಾ ಕರತಲಾಮಲಕ. ನಾಳಿ ಊಟ ಆದಮ್ಯಾಲ ಬರ್ರಿ" ಎಂದರು. ಮನೆಯಲ್ಲಿ ಬಡಾಯಿ ಕೊಚ್ಚುವವಳು ನಾನೊಬ್ಬಳೇ ಎಂದುಕೊಂಡಿದ್ದೆ.

ಮಾರನೆಯ ಮಧ್ಯಾಹ್ನ ನಮ್ಮ ಕಟ್ಟೆ ತುಂಬಿ ಮೆಟ್ಟಿಲವರೆಗೂ ಹೆಂಗಸರು. ಎಲ್ಲರಿಗಿಂತ ಮುಂದೆ, ಮೊಣಕಾಲು ಚಾಚಿ, ಹೊಸ ಪಾಟಿ ತೊಡೆಯ ಮೇಲಿಟ್ಟುಕೊಂಡು ಅತ್ತೆಯವರು. ನಾನು ಸೀಮೆಸುಣ್ಣ ಹಿಡಿದು, ಕದದ ಮೇಲೆ ಮೊದಲ ಅಕ್ಷರ ಬರೆಯಬೇಕೆಂದು ಕೈಯೆತ್ತಿದೆ. ಅವರೆಲ್ಲ ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದರು. ನನಗೆ ಗೊತ್ತಿದ್ದ ಅಕ್ಷರಗಳಷ್ಟೂ, ಒಂದನ್ನೂ ಬಿಡದೆ, ಆ ಹೊತ್ತಿಗೆ ಸರಿಯಾಗಿ ತಮ್ಮ ತಮ್ಮ ತವರಿಗೆ ಹೋಗಿಬಿಟ್ಟಿದ್ದವು.